ಡೊಳ್ಳಿಗೆ ಪ್ಯಾರಲಲ್, ಬೇಸಿಗೆ ಸೈಡ್‌ಚೈನ್: ಸ್ಯಾಂಪ್ಲರ್‌ನಲ್ಲಿ ಯಾವ ಕಂಪ್ರೆಷನ್ ಯಾವಾಗ?

ಸ್ಯಾಂಪ್ಲರ್ (ಧ್ವನಿ ಹಿಡಿದಿಟ್ಟುಕೊಂಡು ಪ್ಯಾಡ್ ಅನ್ನುವ ಗುಂಡಿ ಒತ್ತಿ ನುಡಿಸುವ ಯಂತ್ರ) ಮನೆಗೆ ಬಂದು ನಾಲ್ಕು ಬೀಟ್ ಕಟ್ಟುವಷ್ಟರಲ್ಲಿ ಎಲ್ಲರ ಬಾಯಲ್ಲೂ ಬರುವ ದೂರು ಒಂದೇ: ಪಂಚ್ ಬರ್ತಿಲ್ಲ, ಅಂದರೆ ಪೆಟ್ಟಿಗೆ ಬಿರುಸಿಲ್ಲ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಡೊಳ್ಳು, ತಮಟೆ ರೆಕಾರ್ಡ್ ಮಾಡಿಕೊಂಡು ಬೀಟ್ ಕಟ್ಟುವ ಹುಡುಗರದ್ದೂ ಇದೇ ಮಾತು. ಉಪಾಯ ಹುಡುಕಿದರೆ ಸಿಗುವ ಉತ್ತರ ಎರಡು. ಒಬ್ಬರು ಪ್ಯಾರಲಲ್ ಕಂಪ್ರೆಷನ್ ಹಾಕು ಅನ್ನುತ್ತಾರೆ, ಇನ್ನೊಬ್ಬರು ಸೈಡ್‌ಚೈನ್ ಹಾಕು ಅನ್ನುತ್ತಾರೆ. ಯಾವುದಕ್ಕೂ ಇರಲಿ ಅಂತ ಎರಡನ್ನೂ ಹಾಕಿದವರ ಟ್ರ್ಯಾಕ್‌ನಲ್ಲಿ ಡೊಳ್ಳು ಏರಿಳಿದು ತೂರಾಡುತ್ತಿರುತ್ತದೆ.

ಈ ಎರಡು ತಂತ್ರಗಳು ಪರಿಹರಿಸುವ ತೊಂದರೆಗಳೇ ಬೇರೆ ಬೇರೆ. ಹಾಗಾಗಿ ಯಾವುದು ಉತ್ತಮ ಅಂತ ಕೇಳುವ ಮೊದಲು ಒಂದು ಪರೀಕ್ಷೆ ಮಾಡಿ. ಉಳಿದ ಎಲ್ಲ ಟ್ರ್ಯಾಕ್ ಮ್ಯೂಟ್ ಮಾಡಿ, ತೊಂದರೆ ಕೊಡುವ ಧ್ವನಿಯನ್ನು ಒಂಟಿಯಾಗಿ ಕೇಳಿ. ಒಂಟಿಯಾಗಿದ್ದಾಗಲೂ ಅದು ಸಪ್ಪೆ ಇದ್ದರೆ, ಪೆಟ್ಟು ಮಾತ್ರ ಕೇಳಿ ಮೈ ಕೇಳದಿದ್ದರೆ, ಪ್ಯಾರಲಲ್ ಕಡೆ ಹೋಗಿ. ಒಂಟಿಯಾಗಿ ಚೆನ್ನಾಗಿದ್ದು, ಬೇರೆ ಟ್ರ್ಯಾಕ್ ತೆರೆದ ಕೂಡಲೇ ಮುಳುಗಿಹೋದರೆ ಯಾರೋ ಅದರ ಮೇಲೆ ಕೂತಿದ್ದಾರೆ ಅಂತ ಅರ್ಥ. ಆಗ ಸೈಡ್‌ಚೈನ್ ಬೇಕು, ಅಥವಾ ಅದಕ್ಕಿಂತ ಸುಲಭದ ಮೂರನೇ ಒಂದು ದಾರಿ ಇದೆ, ಅದನ್ನು ಕೆಳಗೆ ಹೇಳಿದ್ದೇನೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಆದರೂ ಮಾಡುವವರು ಕಡಿಮೆ.

ಕಂಪ್ರೆಸರ್ ಏನು ಮಾಡುತ್ತದೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಥ್ರೆಶೋಲ್ಡ್ ಅನ್ನುವ ಗೆರೆಯನ್ನು ಧ್ವನಿ ದಾಟಿದರೆ ಅದನ್ನು ತಗ್ಗಿಸುತ್ತದೆ. ರೇಶಿಯೋ 4:1 ಇದ್ದು ಧ್ವನಿ ಗೆರೆಯಿಂದ 12 ಡಿಬಿ (ಡೆಸಿಬೆಲ್, ಜೋರಿನ ಅಳತೆ) ಮೇಲೆ ಹೋದರೆ ಹೊರಗೆ ಬರುವುದು 3 ಡಿಬಿ ಮೇಲೆ ಮಾತ್ರ, ಉಳಿದ 9 ಡಿಬಿ ಕಡಿತ. ಎಷ್ಟು ಬೇಗ ಕಡಿಯಬೇಕು ಅನ್ನುವುದು ಅಟ್ಯಾಕ್, ಎಷ್ಟು ಬೇಗ ಬಿಡಬೇಕು ಅನ್ನುವುದು ರಿಲೀಸ್. ಒಳಗೆ ಎರಡು ದಾರಿಗಳಿವೆ: ಒಂದರಲ್ಲಿ ಧ್ವನಿ ಹರಿಯುತ್ತದೆ, ಇನ್ನೊಂದರಲ್ಲಿ ಆ ಧ್ವನಿಯನ್ನು ಅಳೆಯುವ ಕೆಲಸ ನಡೆಯುತ್ತದೆ. ಅಳೆಯುವ ಈ ದಾರಿಯೇ ಸೈಡ್‌ಚೈನ್. ಅಂದರೆ ಸೈಡ್‌ಚೈನ್ ಪ್ರತಿ ಕಂಪ್ರೆಸರ್‌ನಲ್ಲೂ ಇದ್ದೇ ಇರುತ್ತದೆ. ನಾವು ಸೈಡ್‌ಚೈನ್ ಕಂಪ್ರೆಷನ್ ಅನ್ನುವುದು ಆ ಅಳತೆಯ ದಾರಿಗೆ ಬೇರೆ ಧ್ವನಿಯನ್ನು ಕೊಟ್ಟಾಗ. ಕಿಕ್ (ಡ್ರಮ್ ಸೆಟ್ಟಿನ ತಳದ ಪೆಟ್ಟು) ಅಳೆದು ಬೇಸ್ (ತಗ್ಗು ಸ್ವರದ ಸಾಲು) ತಗ್ಗಿಸುವುದು, ನಿರೂಪಕರ ಮಾತು ಅಳೆದು ಹಿಂದಿನ ಹಾಡು ತಗ್ಗಿಸುವುದು. ರೇಡಿಯೊ ಕೇಳಿ ಬೆಳೆದವರಿಗೆ ಎರಡನೆಯದು ಚೆನ್ನಾಗಿ ಗೊತ್ತು.

ಪ್ಯಾರಲಲ್: ಮೇಲಿನದನ್ನು ಬಿಟ್ಟು ಕೆಳಗಿನದನ್ನು ಎತ್ತುವುದು

ಒಂದೇ ಧ್ವನಿಯ ಎರಡು ಪ್ರತಿ. ಒಂದನ್ನು ಹಾಗೇ ಬಿಡುವುದು, ಇನ್ನೊಂದನ್ನು ಕಂಪ್ರೆಸರ್‌ನಲ್ಲಿ ಚೆನ್ನಾಗಿ ಹಿಂಡುವುದು, ಆಮೇಲೆ ಎರಡನ್ನೂ ಕೂಡಿಸುವುದು. ಇದಿಷ್ಟೇ. ಇದಕ್ಕೆ ನ್ಯೂಯಾರ್ಕ್ ಕಂಪ್ರೆಷನ್ ಅನ್ನುವ ಹೆಸರೂ ಇದೆ.

ಇದು ಯಾಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಡೊಳ್ಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಡೊಳ್ಳಿನ ಒಂದು ಮಗ್ಗುಲಿಗೆ ಕೋಲಿನ ಪೆಟ್ಟು, ಇನ್ನೊಂದು ಮಗ್ಗುಲಿಗೆ ಅಂಗೈ ಪೆಟ್ಟು. ಕೋಲಿನದು ಜೋರು, ಚೂಪು. ಅಂಗೈಯದು ಮೆತ್ತಗೆ, ಆದರೆ ನಡೆ ಇರುವುದು ಅದರಲ್ಲೇ. ಹತ್ತಿರ ನಿಂತು ಕೇಳುವಾಗ ಎರಡೂ ಕಿವಿಗೆ ಸಿಗುತ್ತವೆ. ರೆಕಾರ್ಡ್ ಮಾಡಿ ಸ್ಯಾಂಪ್ಲರ್‌ಗೆ ಹಾಕಿದರೆ ಅಂಗೈ ಪೆಟ್ಟು ಮಾಯ, ಕೋಲು ಮಾತ್ರ ಟಕ್ ಟಕ್ ಅನ್ನುತ್ತಿರುತ್ತದೆ. ಆಗ ಮಾಮೂಲಿ ಕಂಪ್ರೆಸರ್ ಹಾಕಿದರೆ ಕೋಲಿನ ಮೊನೆ ಮೊಂಡಾಗುತ್ತದೆ. ಬಾರಿಸುವವರ ಕೈಗೆ ಹೆಡ್‌ಫೋನ್ ಕೊಟ್ಟು ನೋಡಿ, ಮೊದಲ ಸಲಕ್ಕೇ ಮುಖ ಸಿಂಡರಿಸುತ್ತಾರೆ.

ಈಗ ಲೆಕ್ಕ ನೋಡಿ. ಹಿಂಡಿದ ಪ್ರತಿಯಲ್ಲಿ ಕೋಲಿನ ಪೆಟ್ಟು 20 ಡಿಬಿ ಕಡಿತಗೊಂಡಿದೆ ಅಂದುಕೊಳ್ಳಿ, ಅಂದರೆ ಮೂಲದ ಹತ್ತನೇ ಒಂದು ಭಾಗ. ಅದನ್ನು ಮೂಲಕ್ಕೆ ಕೂಡಿಸಿದರೆ 1 ಇದ್ದದ್ದು 1.1 ಆಯಿತು, ಸುಮಾರು 0.8 ಡಿಬಿ ಏರಿಕೆ. ಕಿವಿಗೆ ಗೊತ್ತಾಗುವುದು ಕಷ್ಟ. ಅಂಗೈ ಪೆಟ್ಟು ಥ್ರೆಶೋಲ್ಡ್ ಕೆಳಗೇ ಇದ್ದು ಕಡಿತವೇ ಆಗಿಲ್ಲದಿದ್ದರೆ, 1 ಕ್ಕೆ 1 ಕೂಡಿ 2 ಆಯಿತು: 6 ಡಿಬಿ ಏರಿಕೆ. ಜೋರಿನದು ಇದ್ದಲ್ಲೇ ಇದೆ, ಮೆತ್ತಗಿನದು ಎದ್ದು ನಿಂತಿದೆ. ಹಿಂಡಿದ ಪ್ರತಿಯನ್ನು 6 ಡಿಬಿ ತಗ್ಗಿಸಿ ಕೂಡಿಸಿದರೆ ಅಂಗೈ ಪೆಟ್ಟಿನ ಏರಿಕೆ ಸುಮಾರು 3.5 ಡಿಬಿಗೆ ಬರುತ್ತದೆ. ನಾನು ಸಾಮಾನ್ಯವಾಗಿ ನಿಲ್ಲುವುದು ಅಲ್ಲಿಯೇ. ಅದಕ್ಕಿಂತ ಮೇಲೆ ಹೋದರೆ ಡೊಳ್ಳಿನ ಜೊತೆ ಜಾತ್ರೆಯೂ ಎದ್ದು ಬರುತ್ತದೆ: ಜನರೇಟರ್, ಪೀಪಿ, ಹಿಂದೆ ಬಸ್ಸಿನ ಹಾರ್ನ್. ಪ್ಯಾರಲಲ್‌ಗೆ ಅಂಗೈ ಪೆಟ್ಟು ಯಾವುದು, ಗದ್ದಲ ಯಾವುದು ಅಂತ ಗೊತ್ತಿಲ್ಲ. ಮೆತ್ತಗಿರುವುದನ್ನೆಲ್ಲ ಎತ್ತುತ್ತದೆ. ದುರ್ಗಾಂಬಿಕಾ ಜಾತ್ರೆಯಲ್ಲೋ ನಾಯಕನಹಟ್ಟಿ ತೇರಿನಲ್ಲೋ ಫೋನಿನಲ್ಲಿ ಹಿಡಿದ ರೆಕಾರ್ಡಿಂಗ್ ಆದರೆ ಈ ತಂತ್ರದಿಂದ ತುಂಬ ನಿರೀಕ್ಷೆ ಬೇಡ.

ಇಲ್ಲೊಂದು ಅಡ್ಡ ಮಾತು. ಧ್ವನಿಗೆ ಅದರದೇ ಹಿಂಡಿದ ಪ್ರತಿಯನ್ನು ಕೂಡಿಸುವ ಈ ಉಪಾಯ ಡಾನ್ಸ್ ಮ್ಯೂಸಿಕ್‌ನವರು ಹುಟ್ಟಿಸಿದ್ದಲ್ಲ. ರೇ ಡಾಲ್ಬಿ 1960ರ ದಶಕದ ಮಧ್ಯದಲ್ಲಿ ತಂದ ಡಾಲ್ಬಿ-ಎ ಟೇಪ್ ಗದ್ದಲ ನಿವಾರಕದ ತಿರುಳೂ ಇದೇ: ರೆಕಾರ್ಡ್ ಮಾಡುವಾಗ ಮೆತ್ತಗಿನ ಧ್ವನಿಗೆ ಪಕ್ಕದ ದಾರಿಯಿಂದ ಬಲ ಕೂಡಿಸುವುದು, ಕೇಳಿಸುವಾಗ ಅಷ್ಟೇ ಕಳೆಯುವುದು. 1965ರಲ್ಲಿ ಲಂಡನ್‌ನಲ್ಲಿ ಕಂಪನಿ ಶುರು ಮಾಡುವ ಮೊದಲು ಆ ಮನುಷ್ಯ ಯುನೆಸ್ಕೊ ಸಲಹೆಗಾರರಾಗಿ ಇದ್ದದ್ದು ನಮ್ಮ ದೇಶದಲ್ಲೇ, 1963ರಿಂದ.

ಸೈಡ್‌ಚೈನ್: ಜಾಗ ಬಿಡಿಸುವುದು

ಎಲೆಕ್ಟ್ರಾನಿಕ್ ಕಿಕ್ ಮತ್ತು ಬೇಸ್ ಎರಡೂ 50ರಿಂದ 100 ಹರ್ಟ್ಸ್ ಒಳಗೇ ವಾಸ. ಜೊತೆಗೆ ಡೊಳ್ಳಿನ ಗುಮ್ಮನೆ ಸದ್ದೂ ಅಲ್ಲಿಗೆ ಹತ್ತಿರ. ಮೂರೂ ಒಂದೇ ಕ್ಷಣ ಬಿದ್ದರೆ ಒಂದೂ ಬಿಡಿಸಿ ಕೇಳುವುದಿಲ್ಲ, ಮಾಸ್ಟರ್ (ಎಲ್ಲ ಟ್ರ್ಯಾಕ್ ಕೂಡಿ ಹೊರಗೆ ಹೋಗುವ ಕೊನೆಯ ದಾರಿ) ಮೀಟರ್ ಮಾತ್ರ ಕೆಂಪಾಗುತ್ತದೆ. ಕಿಕ್ ಬಂದಾಗಲೆಲ್ಲ ಬೇಸ್ ಒಂದು ಗಳಿಗೆ ತಗ್ಗಿದರೆ ಎರಡಕ್ಕೂ ಜಾಗ ಸಿಗುತ್ತದೆ.

ಇದರಲ್ಲಿ ಎರಡು ಬಗೆ. ಮೊದಲನೆಯದು ಕಾಣದ ಕೆಲಸ: 3, 4 ಡಿಬಿ ಕಡಿತ, ಕೇಳುವವರಿಗೆ ಸೈಡ್‌ಚೈನ್ ಇದೆ ಅಂತ ಗೊತ್ತೇ ಆಗಬಾರದು. ಎರಡನೆಯದು ಕೇಳಲೆಂದೇ ಮಾಡುವ ಪಂಪಿಂಗ್: 8, 10 ಡಿಬಿ ಕಡಿತ, ಇಡೀ ಹಾಡು ಕಿಕ್‌ಗೆ ತಕ್ಕಂತೆ ಉಬ್ಬಿ ತಗ್ಗುವುದು. 1990ರ ದಶಕದ ಫ್ರೆಂಚ್ ಹೌಸ್ ಅನ್ನುವ ಡಾನ್ಸ್ ಸಂಗೀತ ಇದನ್ನು ಒಂದು ಶೈಲಿಯನ್ನಾಗಿ ಮಾಡಿತು. ನಮ್ಮ ಕಡೆಯ ಡಿಜೆ ರೀಮಿಕ್ಸ್‌ಗಳಲ್ಲಿ ಈಗ ಎರಡನೆಯದು ಉಪ್ಪಿನಕಾಯಿ ಹಾಗೆ ಎಲ್ಲ ಎಲೆಗೂ ಬೀಳುತ್ತಿದೆ. ನಾಲ್ಕು ನಾಲ್ಕರ ನೇರ ಕಿಕ್ ಇದ್ದರೆ ಅದು ಚೆಂದ. ತಮಟೆಯ ಅಡ್ಡ ನಡೆಯ ಮೇಲೆ ಅದನ್ನು ಹೇರಿದರೆ ತಮಟೆ ಒತ್ತು ಕೊಡುವ ಜಾಗದಲ್ಲೇ ದನಿ ತಗ್ಗಿರುತ್ತದೆ. ಬಾರಿಸಿದವನು ಒಂದು ಕಡೆ ಒತ್ತು ಕೊಟ್ಟಿದ್ದರೆ ಕಂಪ್ರೆಸರ್ ಇನ್ನೊಂದು ಕಡೆ ಕೊಡುತ್ತದೆ. ಅಂಥ ಟ್ರ್ಯಾಕ್ ನನಗೆ ಮೂರನೇ ಆವರ್ತಕ್ಕೇ ಸಾಕೆನಿಸುತ್ತದೆ.

ಸಮಯದ ಅಳತೆ ಇಲ್ಲಿ ಮುಖ್ಯ. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಸಂಖ್ಯೆ) ಭಾಗಿಸಿದರೆ ಒಂದು ಬೀಟ್‌ನ ಮಿಲಿಸೆಕೆಂಡ್ ಸಿಗುತ್ತದೆ. 100 ಬಿಪಿಎಂ ಆದರೆ ಬೀಟ್ 600, ಅದರ ಅರ್ಧ 300, ಕಾಲು ಭಾಗ 150. ಬೇಸ್ ಮುಂದಿನ ಬೀಟ್‌ಗೆ ಮೊದಲೇ ಪೂರ್ತಿ ವಾಪಸ್ ಬರಬೇಕು. ಹಾಗಾಗಿ ರಿಲೀಸ್ 150ರಿಂದ 250 ಮಿಲಿಸೆಕೆಂಡ್ ಒಳಗೆ ಶುರು ಮಾಡಿ, ಕಿವಿಯಿಂದ ಹೊಂದಿಸಿ. ತೀರ ಕಡಿಮೆ ಇಟ್ಟರೆ ಬೇರೆಯದೇ ತೊಂದರೆ: 50 ಹರ್ಟ್ಸ್ ಅಲೆಯ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು. ರಿಲೀಸ್ ಅದಕ್ಕೆ ಸಮೀಪ ಬಂದರೆ ಕಂಪ್ರೆಸರ್ ಧ್ವನಿಯ ಮಟ್ಟವನ್ನು ಬಿಟ್ಟು ಅಲೆಯ ಏರಿಳಿತದ ಬೆನ್ನು ಹತ್ತುತ್ತದೆ, ಬೇಸ್ ಗರಗರ ಅನ್ನುತ್ತದೆ. ಅಟ್ಯಾಕ್ ಸೊನ್ನೆಗೆ ಇಳಿಸಿದರೂ ಚಿಟ್ ಅಂತ ಸದ್ದು ಬರಬಹುದು. 2ರಿಂದ 5 ಮಿಲಿಸೆಕೆಂಡ್ ಸುರಕ್ಷಿತ.

ಯಾವ ಧ್ವನಿಗೆ ಯಾವುದು

ಡೊಳ್ಳಿಗೆ ಪ್ಯಾರಲಲ್, ಇದರಲ್ಲಿ ನನಗೆ ಅನುಮಾನವಿಲ್ಲ. ಕಂಪ್ರೆಸರ್‌ನ ಅಳತೆಯ ದಾರಿಯಲ್ಲಿ ಹೈ-ಪಾಸ್ ಫಿಲ್ಟರ್ (ತಳದ ಧ್ವನಿಯನ್ನು ತಡೆಯುವ ಸೋಸು) ಇದ್ದರೆ ಅದನ್ನು 100 ಹರ್ಟ್ಸ್ ಸುತ್ತ ಇಡಿ. ಇಲ್ಲದಿದ್ದರೆ ತಳದ ಗುಮ್ಮು ಒಂದೇ ಕಂಪ್ರೆಸರ್ ಅನ್ನು ಆಡಿಸುತ್ತದೆ, ಅಂಗೈ ಪೆಟ್ಟು ಏಳುವುದೇ ಇಲ್ಲ.

ತಮಟೆಗೆ ಎರಡೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೆಂಕಿಗೆ ಹಿಡಿದು ಬಿಗಿ ಮಾಡಿದ ತಮಟೆ ನಡು ಆವರ್ತನದಲ್ಲೇ ಸೀಳಿಕೊಂಡು ಬರುತ್ತದೆ, ಅದಕ್ಕೆ ಯಾರ ಸಹಾಯವೂ ಬೇಕಿಲ್ಲ. ತಮಟೆ ಮುಳುಗುತ್ತಿದೆ ಅನ್ನಿಸಿದರೆ ತಪ್ಪು ಸಿಂಥಸೈಜರ್‌ನದ್ದು, ಅದರ ವಾಲ್ಯೂಮ್ ಇಳಿಸಿ.

ಉರುಮೆ ಮಜವಾದ ಪ್ರಕರಣ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ದೇವರ ಕಾರ್ಯಗಳಲ್ಲಿ ಕೇಳಿದವರಿಗೆ ಗೊತ್ತು, ಕೋಲನ್ನು ಚರ್ಮದ ಮೇಲೆ ಉಜ್ಜಿದಾಗ ಬರುವ ಸದ್ದು ಒಂದು ಪೆಟ್ಟಿಗೆ ನಿಲ್ಲದೆ ಎಳೆದುಕೊಂಡು ಹೋಗುತ್ತದೆ. ಎಳೆದ ಸದ್ದು ಸೈಡ್‌ಚೈನ್‌ಗೆ ಹೇಳಿ ಮಾಡಿಸಿದ್ದು. ಕಿಕ್ ಬಿದ್ದಾಗ ಉರುಮೆ ತಗ್ಗಿ, ಮತ್ತೆ ಉಜ್ಜುತ್ತಾ ಮೇಲೇಳುವಾಗ ಆ ಧ್ವನಿಯ ಸ್ವಭಾವಕ್ಕೇ ಪಂಪಿಂಗ್ ಹೊಂದಿಕೊಳ್ಳುತ್ತದೆ. ಇಲ್ಲಿ 8 ಡಿಬಿ ಕಡಿತ ಕೂಡ ಅತಿ ಅನ್ನಿಸುವುದಿಲ್ಲ.

ವಚನ ಅಥವಾ ತತ್ವಪದದ ಕಂಠ ಇದ್ದರೆ ಇನ್ನಷ್ಟು ಎಚ್ಚರ. ಕಂಠಕ್ಕೆ ಪ್ಯಾರಲಲ್ ಹಾಕಿದರೆ ಉಸಿರು ಎದ್ದು ಬರುತ್ತದೆ, ಶಕಾರ ಷಕಾರ ಸಕಾರಗಳು ಚುಚ್ಚುತ್ತವೆ. ಶಿವ, ಶರಣ, ಈಶ ಅನ್ನುವ ಪದಗಳು ಸಾಲಿಗೊಂದು ಬರುವ ವಚನದಲ್ಲಿ ಇದು ಸಣ್ಣ ತೊಂದರೆಯಲ್ಲ. ಅದರ ಬದಲು ಕಂಠವನ್ನೇ ಅಳತೆಯ ದಾರಿಗೆ ಕೊಟ್ಟು ಹಾರ್ಮೋನಿಯಂ ಅಥವಾ ಸಿಂಥಸೈಜರ್‌ನ ಎಳೆದ ಸ್ವರವನ್ನು 2, 3 ಡಿಬಿ ತಗ್ಗಿಸಿ, ರಿಲೀಸ್ ಅರ್ಧ ಸೆಕೆಂಡ್ ಆಸುಪಾಸು ನಿಧಾನಕ್ಕೆ ಬಿಡಿ. ಮಾತು ಮುಂದೆ ಬರುತ್ತದೆ, ಯಾರು ಹಿಂದೆ ಸರಿದರು ಅಂತ ಗೊತ್ತಾಗುವುದಿಲ್ಲ.

ಜಾತ್ರೆಯಲ್ಲಿ ಹಿಡಿದ ಲೂಪ್‌ಗೆ (ಮತ್ತೆ ಮತ್ತೆ ತಿರುಗಿಸುವ ತುಣುಕಿಗೆ) ಸೈಡ್‌ಚೈನ್ ಹಾಕುವ ಮೊದಲು ಇನ್ನೊಂದು ವಿಷಯ. ಬಾರಿಸುವವರ ಲಯ ಏರುತ್ತಾ ಹೋಗುತ್ತದೆ, ಯಂತ್ರದ ಟಿಕ್ ಟಿಕ್ ತಾಳಕ್ಕೆ ಕಟ್ಟಿಬಿದ್ದಿರುವುದಿಲ್ಲ. ಗ್ರಿಡ್ (ಯಂತ್ರದ ಸಮ ಅಳತೆಯ ಸಮಯದ ಗೆರೆಗಳು) ಮೇಲಿನ ಕಿಕ್ ಒಂದು ಕಡೆ, ಲೂಪ್‌ನ ಪೆಟ್ಟು ಇನ್ನೊಂದು ಕಡೆ ಬಿದ್ದರೆ ತಗ್ಗುವುದು ತಪ್ಪು ಜಾಗದಲ್ಲಿ. ಮೊದಲು ಲೂಪ್ ಕತ್ತರಿಸಿ ಪ್ಯಾಡ್‌ಗಳಿಗೆ ಹಂಚಿ.

ಯಂತ್ರ ಏನು ಬಿಡುತ್ತದೆ, ಏನು ಬಿಡುವುದಿಲ್ಲ

ಕಂಪ್ಯೂಟರ್‌ನಲ್ಲಾದರೆ ಹತ್ತು ಕಂಪ್ರೆಸರ್ ತೆರೆದು ಬೇಕಾದಲ್ಲಿ ತಂತಿ ಎಳೆಯಬಹುದು. ಸ್ಯಾಂಪ್ಲರ್‌ನಲ್ಲಿ ಕಂಪ್ರೆಸರ್ ಎಲ್ಲಿ ಕೂತಿದೆ ಅನ್ನುವುದೇ ನಿಮ್ಮ ಆಯ್ಕೆಯನ್ನು ಮೊದಲೇ ಅರ್ಧ ತೀರ್ಮಾನಿಸಿರುತ್ತದೆ. ಬ್ರ್ಯಾಂಡ್ ಬಗ್ಗೆ ಜಗಳ ಆಡುವವರು ಈ ಒಂದನ್ನು ನೋಡಿದರೆ ಸಾಕು.

ಎಲೆಕ್ಟ್ರಾನ್ ಕಂಪನಿಯ ಡಿಜಿಟಾಕ್ಟ್, 2017ರದ್ದು, 8 ಆಡಿಯೊ ಟ್ರ್ಯಾಕ್, ಸ್ಯಾಂಪಲ್‌ಗಳು ಮೋನೋ. ಅದರಲ್ಲಿ ಕಂಪ್ರೆಸರ್ ಒಂದೇ, ಅದೂ ಮಾಸ್ಟರ್ ಮೇಲೆ. ಒಳ್ಳೆಯ ಸುದ್ದಿ ಏನೆಂದರೆ ಅದಕ್ಕೆ ಸೈಡ್‌ಚೈನ್ ಮೂಲ ಆರಿಸುವ ಗುಂಡಿಯೂ ಇದೆ, ಅಳತೆಯ ದಾರಿಗೆ ಫಿಲ್ಟರೂ ಇದೆ, ಮೂಲ ಧ್ವನಿ ಎಷ್ಟು, ಹಿಂಡಿದ್ದು ಎಷ್ಟು ಅಂತ ಬೆರೆಸುವ ಡ್ರೈ-ವೆಟ್ ಮಿಕ್ಸೂ ಇದೆ. ಅಂದರೆ ಎರಡೂ ತಂತ್ರ ಅಲ್ಲೇ ಸಿಗುತ್ತವೆ. ಕೆಟ್ಟ ಸುದ್ದಿ: ಇಡೀ ಮಿಕ್ಸ್‌ಗೆ ಒಂದೇ ಸಲ. ಕಿಕ್ ಅನ್ನು ಮೂಲವಾಗಿ ಆರಿಸಿದರೆ ಬೇಸ್ ಜೊತೆ ಡೊಳ್ಳೂ ತಗ್ಗುತ್ತದೆ. ಡೊಳ್ಳಿಗೆ ಮಾತ್ರ ಪ್ಯಾರಲಲ್ ಬೇಕೆಂದರೆ ಡೊಳ್ಳನ್ನು ಒಂಟಿಯಾಗಿ ನುಡಿಸಿ, ಕಂಪ್ರೆಸರ್ ದಾಟಿಸಿ, ಮತ್ತೆ ಸ್ಯಾಂಪಲ್ ಮಾಡಿಕೊಳ್ಳಬೇಕು. ಡೊಳ್ಳನ್ನು ಮೊದಲೇ ಬೇಯಿಸಿಟ್ಟು, ಮಾಸ್ಟರ್ ಕಂಪ್ರೆಸರ್ ಅನ್ನು ಬೇಸ್‌ನ ಸಲುವಾಗಿ ಮೆತ್ತಗೆ ಬಳಸುವುದೇ ಇದರಲ್ಲಿ ಜಾಣತನ.

ಅದೇ ಕಂಪನಿಯ ಆಕ್ಟಾಟ್ರ್ಯಾಕ್, 2011ರದ್ದು, 2017ರಲ್ಲಿ ಎರಡನೇ ಆವೃತ್ತಿ ಬಂತು. ಇದರ ಲೆಕ್ಕವೇ ಉಲ್ಟಾ. ಪ್ರತಿ ಟ್ರ್ಯಾಕ್‌ಗೂ ಎರಡು ಎಫೆಕ್ಟ್ ಜಾಗ, ಕಂಪ್ರೆಸರ್‌ಗೆ ಅದರದೇ ಮಿಕ್ಸ್ ಗುಂಡಿ. ಡೊಳ್ಳಿನ ಟ್ರ್ಯಾಕ್‌ನಲ್ಲಿ ಕಂಪ್ರೆಸರ್ ತೆರೆದು ಮಿಕ್ಸ್ ಅರ್ಧಕ್ಕೆ ತಿರುಗಿಸಿದರೆ ಪ್ಯಾರಲಲ್ ಮುಗಿಯಿತು. ಆದರೆ ನಿಜವಾದ ಸೈಡ್‌ಚೈನ್ ಇಲ್ಲ. ಬೇಸ್ ಟ್ರ್ಯಾಕ್‌ನ ವಾಲ್ಯೂಮ್ ಅನ್ನು ಎಲ್‌ಎಫ್‌ಓ (ಗುಂಡಿಯನ್ನು ತಾನೇ ಏರಿಳಿಸುವ ನಿಧಾನ ಅಲೆ) ಒಂದರಿಂದ ತಗ್ಗಿಸಿ, ಕಿಕ್ ಇರುವ ಹೆಜ್ಜೆಗಳಲ್ಲೇ ಅದು ಮರಳಿ ಶುರುವಾಗುವಂತೆ ಟ್ರಿಗ್ (ಶುರುವಿನ ಗುರುತು) ಇಡುತ್ತಾರೆ. ಇದನ್ನು ಕೆಲವರು ಕೊರತೆ ಅನ್ನುತ್ತಾರೆ. ನನಗೆ ಇದು ನಿಜವಾದ ಸೈಡ್‌ಚೈನ್‌ಗಿಂತ ಮೇಲು ಅನ್ನಿಸಿದ್ದುಂಟು, ಯಾಕೆಂದರೆ ತಗ್ಗುವ ಆಕಾರವನ್ನು ನಾನೇ ಬರೆಯಬಹುದು, ಕಿಕ್‌ನ ಜೋರು ಹೆಚ್ಚು ಕಡಿಮೆ ಆದರೂ ತಗ್ಗುವಿಕೆ ಬದಲಾಗುವುದಿಲ್ಲ.

ಅಕಾಯ್ ಎಂಪಿಸಿ ಲೈವ್ (2017), ಎಂಪಿಸಿ ಒನ್ (2020) ಇವುಗಳಲ್ಲಿ ಕಂಪ್ಯೂಟರ್‌ಗೆ ಹತ್ತಿರದ ಸ್ವಾತಂತ್ರ್ಯ. ಪ್ಯಾಡ್, ಪ್ರೋಗ್ರಾಂ, ಸಬ್‌ಮಿಕ್ಸ್, ರಿಟರ್ನ್ ಎಲ್ಲ ಕಡೆ ಎಫೆಕ್ಟ್ ಹಾಕಬಹುದು. ಪ್ಯಾರಲಲ್‌ಗೆ ಒಂದು ರಿಟರ್ನ್‌ನಲ್ಲಿ (ಹಲವು ಪ್ಯಾಡ್‌ಗಳಿಂದ ಧ್ವನಿಯ ಪಾಲು ಬಂದು ಸೇರುವ ಪಕ್ಕದ ದಾರಿ) ಕಂಪ್ರೆಸರ್ ಇಟ್ಟು ಡೊಳ್ಳಿನ ಪ್ಯಾಡ್‌ಗಳಿಂದ ಬೇಕಾದಷ್ಟು ಸೆಂಡ್ ಮಾಡಿ. ಕೋಲಿನ ಪ್ಯಾಡ್‌ನಿಂದ ಕಡಿಮೆ, ಅಂಗೈ ಪ್ಯಾಡ್‌ನಿಂದ ಹೆಚ್ಚು ಕಳಿಸಬಹುದು, ಇದು ಬೇರೆ ಯಂತ್ರಗಳಲ್ಲಿ ಇಷ್ಟು ಸಲೀಸಲ್ಲ. ಸೈಡ್‌ಚೈನ್‌ಗೆ ಮದರ್ ಡಕರ್ ಅನ್ನುವ ಜೋಡಿ ಎಫೆಕ್ಟ್ ಇದೆ: ಕಿಕ್ ಮೇಲೆ ಇನ್‌ಪುಟ್ ಭಾಗ, ಬೇಸ್ ಮೇಲೆ ಡಕರ್ ಭಾಗ, ಎರಡಕ್ಕೂ ಒಂದೇ ಬಸ್ (ಧ್ವನಿ ಸಾಗುವ ಒಳದಾರಿ). ಎರಡು ತಂತ್ರವೂ ದಿನನಿತ್ಯ ಬೇಕು ಅನ್ನುವವರಿಗೆ ಇದೇ ಸರಿ. ನನ್ನ ತಕರಾರು ಒಂದೇ, ಇಷ್ಟು ಮೆನು ತಡಕುವುದಾದರೆ ಲ್ಯಾಪ್‌ಟಾಪ್ ಏನು ಪಾಪ ಮಾಡಿತ್ತು? ಲೈವ್‌ನಲ್ಲಿ ಬ್ಯಾಟರಿ ಇದೆ, ಒನ್‌ನಲ್ಲಿ ಇಲ್ಲ. ಹಳ್ಳಿಗೆ ಹೊತ್ತೊಯ್ದು ರೆಕಾರ್ಡ್ ಮಾಡುವವರು ಇದನ್ನು ನೋಡಿಕೊಳ್ಳಿ.

ರೋಲ್ಯಾಂಡ್ ಎಸ್‌ಪಿ-404 ಎಂಕೆ2, 2021ರದ್ದು, ಆರು ಪೆನ್‌ಸೆಲ್ ಹಾಕಿದರೂ ಓಡುತ್ತದೆ. ಇದರ ದಾರಿ ಕಚ್ಚಾ, ಆದರೆ ಮಜಾ. ಒಂದು ಪ್ಯಾಡ್ ಬಸ್ 1ಕ್ಕೆ ಹೋಗುತ್ತದೆ ಅಥವಾ ಬಸ್ 2ಕ್ಕೆ, ಎರಡಕ್ಕೂ ಒಟ್ಟಿಗೆ ಇಲ್ಲ. ಪ್ಯಾರಲಲ್ ಬೇಕಾದರೆ ಪ್ಯಾಡ್ ಕಾಪಿ ಮಾಡಿ, ಮೂಲ ಒಂದು ಕಡೆ, ಕಾಪಿ ಕಂಪ್ರೆಸರ್ ಇರುವ ಬಸ್ ಕಡೆ, ಎರಡನ್ನೂ ಒಟ್ಟಿಗೆ ಒತ್ತುವುದು. ಅಥವಾ ಕಂಪ್ರೆಸರ್ ದಾಟಿಸಿ ರೀಸ್ಯಾಂಪಲ್ ಮಾಡಿಕೊಂಡು ಪಕ್ಕದ ಪ್ಯಾಡ್‌ನಲ್ಲಿ ಇಡುವುದು. ಪಂಪಿಂಗ್‌ಗೆ ಇದರ ಮನೆತನದ ಉಪಾಯ ಬೇರೆ: ಕಿಕ್ ಮತ್ತು ಲೂಪ್ ಎರಡನ್ನೂ ಒಂದೇ ಕಂಪ್ರೆಸರ್‌ಗೆ ಜೋರಾಗಿ ತಳ್ಳುವುದು. ಕಿಕ್ ಬಿದ್ದಾಗ ಕಂಪ್ರೆಸರ್ ಹಿಂಡುತ್ತದೆ, ಲೂಪ್ ಕೂಡ ತಗ್ಗುತ್ತದೆ. ಕಿಕ್‌ಗೂ ಸ್ವಲ್ಪ ಪೆಟ್ಟು ಬೀಳುತ್ತದೆ, ಅದಕ್ಕೇ ಇದು ನಿಜವಾದ ಸೈಡ್‌ಚೈನ್ ಅಲ್ಲ. 2001ರ ಬಾಸ್ ಎಸ್‌ಪಿ-303ರಲ್ಲಿದ್ದ ವಿನೈಲ್ ಸಿಮ್ (ಹಳೆಯ ಗ್ರಾಮಫೋನ್ ತಟ್ಟೆಯ ಧ್ವನಿ ಅನುಕರಿಸುವ) ಎಫೆಕ್ಟ್‌ನ ಕಂಪ್ ಗುಂಡಿಯನ್ನು ಜನ ಇಂದಿಗೂ ಹಂಬಲಿಸುವುದು ಈ ಒರಟು ಹಿಂಡುವಿಕೆಗಾಗಿಯೇ. ಎಂಕೆ2ನಲ್ಲಿ 303 ವಿನೈಲ್ ಸಿಮ್ ಇದೆ. ಉರುಮೆ ಲೂಪ್‌ನ ಮೇಲೆ ಹಾಕಿ ಕೇಳಿ.

ನೊವೇಷನ್ ಸರ್ಕ್ಯೂಟ್ ರಿದಂ (2021) ಸೈಡ್‌ಚೈನ್ ಅನ್ನು ಸಿದ್ಧ ಪ್ರಿಸೆಟ್‌ಗಳಾಗಿ ಕೊಡುತ್ತದೆ. ಬೇಗ ಆಗುತ್ತದೆ, ಆಳಕ್ಕೆ ಇಳಿಯಲು ಬಿಡುವುದಿಲ್ಲ.

ಹಳೆಯ ಯಂತ್ರಗಳ ಮೋಹ ಇರುವವರಿಗೆ ಒಂದು ಮಾತು. 1987ರ ಇ-ಮು ಎಸ್‌ಪಿ-1200ರಲ್ಲಿ 12 ಬಿಟ್, 26.04 ಕಿಲೋಹರ್ಟ್ಸ್, ಒಟ್ಟು 10 ಸೆಕೆಂಡ್ ಆಸುಪಾಸು ಸ್ಯಾಂಪಲ್. ಕಂಪ್ರೆಸರ್ ಇಲ್ಲವೇ ಇಲ್ಲ. ರೋಜರ್ ಲಿನ್ ವಿನ್ಯಾಸ ಮಾಡಿದ 1988ರ ಎಂಪಿಸಿ60ರಲ್ಲೂ ಅಷ್ಟೇ. ಆ ಕಾಲದ ಪೆಟ್ಟು ಬಂದದ್ದು ಜೋರಾಗಿ ಸ್ಯಾಂಪಲ್ ಮಾಡಿದ್ದರಿಂದ, ಬೇರೆ ಬೇರೆ ಔಟ್‌ಪುಟ್‌ಗಳನ್ನು ಮಿಕ್ಸರ್‌ಗೆ ಎಳೆದು ಅಲ್ಲಿ ಹಿಂಡಿದ್ದರಿಂದ. ಯಂತ್ರ ಒಂದನ್ನೇ ತಂದರೆ ಆ ಧ್ವನಿ ಬರುವುದಿಲ್ಲ.

ಹೇಳಿದ್ದೆನಲ್ಲ, ಮೂರನೇ ದಾರಿ

ಕಂಪ್ರೆಸರ್ ಇಲ್ಲದೆಯೇ ಬೇಸ್ ತಗ್ಗಿಸಬಹುದು. ಬೇಸ್ ಪ್ಯಾಡ್‌ನ ಎನ್ವಲಪ್‌ನಲ್ಲಿ (ಧ್ವನಿ ಹೇಗೆ ಏರಿ ಇಳಿಯಬೇಕು ಅನ್ನುವ ಹೊಂದಿಕೆ) ಅಟ್ಯಾಕ್ 60ರಿಂದ 100 ಮಿಲಿಸೆಕೆಂಡ್ ಇಡಿ; ಇಲ್ಲಿ ಅಟ್ಯಾಕ್ ಅಂದರೆ ಧ್ವನಿ ಪೂರ್ತಿ ಏಳಲು ಹಿಡಿಯುವ ಸಮಯ. ಕಿಕ್ ಮತ್ತು ಬೇಸ್ ಒಂದೇ ಹೆಜ್ಜೆಯಲ್ಲಿ ಬಿದ್ದರೂ ಕಿಕ್‌ನ ತಲೆ ಮೊದಲು ಕೇಳುತ್ತದೆ, ಬೇಸ್ ಅದರ ಹಿಂದೆ ಏಳುತ್ತದೆ. ಅಥವಾ ಬೇಸ್ ಅನ್ನು ಒಂದು ಹೆಜ್ಜೆ ಆಚೆ ಸರಿಸಿ. ಅಥವಾ ಕಿಕ್ ಮತ್ತು ಬೇಸ್ ಎರಡನ್ನೂ ಒಂದೇ ಮ್ಯೂಟ್ ಗ್ರೂಪ್‌ಗೆ ಹಾಕಿ, ಕಿಕ್ ಬಂದ ಕೂಡಲೇ ಬೇಸ್ ಕಡಿದು ಹೋಗುತ್ತದೆ. ಒರಟು, ಆದರೆ ಹಿಪ್‌ಹಾಪ್‌ಗೆ ಚೆಂದ. ಎಲ್ಲ ಸ್ಯಾಂಪ್ಲರ್‌ನಲ್ಲೂ ಇವುಗಳಲ್ಲಿ ಒಂದಾದರೂ ಸಿಗುತ್ತದೆ. ಸೈಡ್‌ಚೈನ್ ಇಲ್ಲವೆಂದು ಯಂತ್ರ ಬದಲಿಸಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ.

ರೀಸ್ಯಾಂಪಲ್ ಮಾಡಿ ಪ್ಯಾರಲಲ್ ಕಟ್ಟುವವರು ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಕಂಪ್ರೆಸರ್ ಓಡುತ್ತಿರುವಾಗ ಅದು ಒಂದು ಪೆಟ್ಟಿನ ಒಳಗಿನ ಏರಿಳಿತವನ್ನೂ ಸರಿಮಾಡುತ್ತದೆ, ಪೆಟ್ಟು ಪೆಟ್ಟುಗಳ ನಡುವಿನ ವ್ಯತ್ಯಾಸವನ್ನೂ ಸರಿಮಾಡುತ್ತದೆ. ಒಂಟಿ ಪೆಟ್ಟನ್ನು ಹಿಂಡಿ ಪ್ಯಾಡ್‌ನಲ್ಲಿಟ್ಟರೆ ಮೊದಲನೆಯದು ಮಾತ್ರ ಉಳಿಯುತ್ತದೆ. ಪ್ಯಾಡ್ ಅನ್ನು ಮೆತ್ತಗೆ ಒತ್ತಿದರೆ ಹಿಂಡಿದ ಪ್ರತಿಯೂ ಅಷ್ಟೇ ಮೆತ್ತಗೆ ಬರುತ್ತದೆ. ಆದ್ದರಿಂದ ಕಟ್ಟಿಟ್ಟ ಲೂಪ್ ಇದ್ದರೆ ಲೂಪ್ ಪೂರ್ತಿಯನ್ನೇ ಹಿಂಡಿ ರೀಸ್ಯಾಂಪಲ್ ಮಾಡಿ. ಒಂಟಿ ಪೆಟ್ಟುಗಳಿಂದ ನುಡಿಸುವವರು ಹಿಂಡಿದ ಪದರದ ವೆಲಾಸಿಟಿ ಸಂವೇದನೆಯನ್ನು (ಒತ್ತಿದ ಬಿರುಸಿಗೆ ತಕ್ಕಂತೆ ಜೋರು ಬದಲಾಗುವುದನ್ನು) ಪೂರ್ತಿ ಬಂದ್ ಮಾಡಿ. ಆಗ ಮೆತ್ತಗೆ ಒತ್ತಿದಾಗ ಮೂಲ ತಗ್ಗಿ ಹಿಂಡಿದ್ದು ಉಳಿಯುತ್ತದೆ, ಪ್ಯಾರಲಲ್ ಮಾಡುವ ಕೆಲಸಕ್ಕೆ ಸಾಕಷ್ಟು ಹತ್ತಿರ ಬರುತ್ತದೆ. ಪ್ರತಿ ಪೆಟ್ಟಿಗೆ ಎರಡು ವಾಯ್ಸ್ (ಯಂತ್ರ ಒಟ್ಟಿಗೆ ನುಡಿಸಬಲ್ಲ ಧ್ವನಿಗಳ ಲೆಕ್ಕ) ಖರ್ಚಾಗುತ್ತದೆ ಅನ್ನುವುದೂ ನೆನಪಿರಲಿ. ಹಳೆಯ ಎಸ್‌ಪಿ-404 ಎಸ್‌ಎಕ್ಸ್‌ನಲ್ಲಿ ಇರುವುದೇ 12, ಎಂಕೆ2ನಲ್ಲಿ 32.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಜಾರುವ ಜಾಗ, ವಿಳಂಬ. ಎರಡು ಪ್ರತಿಗಳಲ್ಲಿ ಒಂದು 3 ಮಿಲಿಸೆಕೆಂಡ್ ತಡವಾಗಿ ಬಂದರೂ ಕೂಡುವ ಬದಲು ಒಂದನ್ನೊಂದು ಕಳೆಯಲು ಶುರು ಮಾಡುತ್ತವೆ. 3 ಮಿಲಿಸೆಕೆಂಡ್‌ಗೆ ಮೊದಲ ಹಳ್ಳ ಸುಮಾರು 167 ಹರ್ಟ್ಸ್‌ನಲ್ಲಿ, ಮುಂದಿನದು 500ರಲ್ಲಿ, ಆಮೇಲೆ 833ರಲ್ಲಿ. ಡೊಳ್ಳಿನ ಮೈ ಇರುವ ಜಾಗಕ್ಕೇ ಮೊದಲ ಏಟು. ಸ್ಯಾಂಪ್ಲರ್‌ನಿಂದ ಹೊರಗೆ ಎಳೆದು ಅನಲಾಗ್ ಕಂಪ್ರೆಸರ್ ದಾಟಿಸಿ ಒಳಗೆ ತಂದು ಕೂಡಿಸುವವರಿಗೆ ಈ ತೊಂದರೆ ಖಂಡಿತ. ಪ್ಯಾರಲಲ್ ಹಾಕಿದ ಮೇಲೆ ಧ್ವನಿ ದಪ್ಪವಾಗುವ ಬದಲು ಡಬ್ಬದೊಳಗಿನ ಸದ್ದಿನ ಹಾಗೆ ತೆಳುವಾದರೆ ಅನುಮಾನವೇ ಬೇಡ, ಇದೇ ಕಾರಣ. ಮದ್ದು: ಹಿಂಡಿದ್ದನ್ನು ರೆಕಾರ್ಡ್ ಮಾಡಿಕೊಂಡು, ಅಲೆಯನ್ನು ಪೂರ್ತಿ ಹಿಗ್ಗಿಸಿ ನೋಡಿ, ಎರಡರ ಮೊದಲ ಏರಿಕೆ ಒಂದೇ ಜಾಗಕ್ಕೆ ಬರುವಂತೆ ಸ್ಟಾರ್ಟ್ ಪಾಯಿಂಟ್ ಕತ್ತರಿಸಿ. 44.1 ಕಿಲೋಹರ್ಟ್ಸ್‌ನಲ್ಲಿ ಒಂದು ಮಿಲಿಸೆಕೆಂಡ್ ಅಂದರೆ 44 ಸ್ಯಾಂಪಲ್. ಅಂದಾಜಿನಲ್ಲಿ ಹೊಂದುವ ಕೆಲಸ ಅಲ್ಲ.

ಎರಡು ತಂತ್ರ ಹೋಲಿಸಿ ನೋಡುವಾಗ ಜೋರು ಸಮ ಮಾಡಿಕೊಳ್ಳಿ. ಪ್ಯಾರಲಲ್ ಒಟ್ಟು ಮಟ್ಟ ಏರಿಸುತ್ತದೆ, ಸೈಡ್‌ಚೈನ್ ಇಳಿಸುತ್ತದೆ. ಜೋರಿದ್ದದ್ದು ಕಿವಿಗೆ ಯಾವಾಗಲೂ ಚೆನ್ನಾಗಿ ಕೇಳುತ್ತದೆ, ಹಾಗಾಗಿ ಸಮ ಮಾಡದೆ ಹೋಲಿಸಿದರೆ ಪ್ರತಿಸಲ ಪ್ಯಾರಲಲ್ ಗೆಲ್ಲುತ್ತದೆ.

ಹಾಡು ಎಲ್ಲಿ ಮೊಳಗುತ್ತದೆ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಗಣಪತಿ ಮೆರವಣಿಗೆಯ ಲಾರಿಯ ಮೇಲಿನ ಸಬ್‌ವೂಫರ್ ಸಾಲಿಗೆ ಅದರದೇ ಲಿಮಿಟರ್ (ಜೋರು ಮಿತಿ ದಾಟದಂತೆ ಹಿಂಡುವ ಕಂಪ್ರೆಸರ್) ಇರುತ್ತದೆ, ಡಿಜೆ ಮಿಕ್ಸರ್ ಕೆಂಪಿನಲ್ಲೇ ಇರುತ್ತದೆ. ನೀವು 10 ಡಿಬಿ ಪಂಪಿಂಗ್ ಹಾಕಿ ಕಳಿಸಿದ್ದರ ಮೇಲೆ ಅವರ ಲಿಮಿಟರ್ ಇನ್ನೊಂದು ಸುತ್ತು ಹಿಂಡುತ್ತದೆ, ಕಿಕ್ ಬಿದ್ದಾಗ ಹಾಡೇ ಕಾಣೆ. ಅಲ್ಲಿಗೆ ಕಳಿಸುವ ಆವೃತ್ತಿಯಲ್ಲಿ ಸೈಡ್‌ಚೈನ್ ಅರ್ಧಕ್ಕೆ ಇಳಿಸಿ, ಪ್ಯಾರಲಲ್ ಇನ್ನೂ ಕಡಿಮೆ ಮಾಡಿ. ಫೋನಿನಲ್ಲಿ ಕೇಳುವವರಿಗೆ ಇದರ ತದ್ವಿರುದ್ಧ: ಫೋನ್ ಸ್ಪೀಕರ್‌ನಲ್ಲಿ 100 ಹರ್ಟ್ಸ್ ಕೆಳಗೆ ಏನೂ ಕೇಳದ ಕಾರಣ ಕಿಕ್-ಬೇಸ್ ಜಗಳವೇ ಇರುವುದಿಲ್ಲ, ಕಾರಣವಿಲ್ಲದೆ ಬೇಸ್ ಕುಗ್ಗಿದಂತೆ ಕಾಣುತ್ತದೆ. ಅಲ್ಲಿ ಅಂಗೈ ಪೆಟ್ಟನ್ನು ಉಳಿಸುವುದು ಪ್ಯಾರಲಲ್ ಒಂದೇ.

ಕೊಳ್ಳುವ ವಿಚಾರಕ್ಕೆ ಬಂದರೆ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವಂಥ ಸ್ಯಾಂಪ್ಲರ್ ಅಂಗಡಿ ದಾವಣಗೆರೆಯಲ್ಲಿ ನಾನು ಕಂಡಿಲ್ಲ. ತರಿಸಿಕೊಳ್ಳುವುದು ಅಥವಾ ಬೆಂಗಳೂರಿಗೆ ಹೋಗುವುದು. ಹಾಗಾಗಿ ಮೊದಲೇ ನಿಮ್ಮ ನಾಲ್ಕು ಬೀಟ್‌ಗೆ ಮೇಲಿನ ಮ್ಯೂಟ್ ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳಿ. ಹೆಚ್ಚಿನವು ಪ್ಯಾರಲಲ್ ಕಡೆ ಬಿದ್ದರೆ ಆಕ್ಟಾಟ್ರ್ಯಾಕ್ ಅಥವಾ ಎಂಪಿಸಿ. ಸೈಡ್‌ಚೈನ್ ಕಡೆ ಬಿದ್ದು ಟ್ರ್ಯಾಕ್ ಕಡಿಮೆ ಇದ್ದರೆ ಡಿಜಿಟಾಕ್ಟ್. ಒರಟಾಗಿದ್ದರೂ ಸರಿ, ಬೆನ್ನಿಗೆ ಹಾಕಿಕೊಂಡು ತಿರುಗಬೇಕು ಅನ್ನುವವರಿಗೆ 404. ಈಗಾಗಲೇ ಒಂದು ಯಂತ್ರ ಇದ್ದು, ಪರೀಕ್ಷೆಯಲ್ಲಿ ಬೇಸ್ ಒಂದೇ ಸಿಕ್ಕಿಬಿದ್ದಿದ್ದರೆ ಏನೂ ಕೊಳ್ಳಬೇಡಿ, ಬೇಸ್ ಪ್ಯಾಡ್‌ನ ಅಟ್ಯಾಕ್ ಗುಂಡಿ ತಿರುಗಿಸಿ.